ಖಾನಾಪುರದ ಹಂಚಿನ ಪುಡಿ

ಖರ್ಚು ಮಾಡುವವರಿಗೆ ಒಂದು ಅನುಕೂಲವಿದೆ. ಏನು ತಂದೆವೆಂದು ನಾಲ್ಕು ಜನರ ಮುಂದೆ ಇಟ್ಟು ತೋರಿಸಬಹುದು. ಸೀರೆಯಾದರೆ ಉಟ್ಟು ತೋರಿಸಬಹುದು, ರೇಡಿಯೋ ಆದರೆ ದೊಡ್ಡ ದನಿಯಲ್ಲಿ ಹಚ್ಚಿ ಕೇಳಿಸಬಹುದು. ಉಳಿತಾಯ ಮಾಡುವವರಿಗೆ ಆ ಭಾಗ್ಯವಿಲ್ಲ. ಉಳಿಸಿದ ದುಡ್ಡು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ತೋರಿಸಲು ಏನೂ ಇರುವುದಿಲ್ಲ; ಅಷ್ಟರಲ್ಲಿ ಅದು ಬೇರೆ ಯಾವುದಕ್ಕೋ ಖರ್ಚಾಗಿ ಹೋಗಿರುತ್ತದೆ. ಆದ್ದರಿಂದ ನನ್ನಂಥವರು ಉಳಿಸಿದ್ದನ್ನು ಬಾಯಿಯಿಂದಲೇ ಹೇಳಿ ಹೇಳಿ ಜಗತ್ತಿಗೆ ತಿಳಿಸಬೇಕಾಗುತ್ತದೆ. ನಮ್ಮ ಮನೆಯವರು ಒಮ್ಮೆ ಬೇಸತ್ತು, "ನೀ ಉಳಿಸಿದ್ದಕ್ಕಿಂತ ಅದರ ಬಗ್ಗೆ ಮಾತಾಡಿದ್ದ ಜಾಸ್ತಿ ಆತು ನೋಡು," ಎಂದರು. ಮಾತಿಗೇನು ದುಡ್ಡು ಬೀಳುತ್ತದೆಯೇ ಎಂದು ನಾನು ಎದುರುತ್ತರ ಕೊಟ್ಟೆ. ನಾನು ಬೆಳಗಾವಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುವ ಕೆಲಸದಲ್ಲಿದ್ದವಳು. ಮಾತಿಗೆ ದುಡ್ಡು ಬೀಳುತ್ತದೆ ಎನ್ನುವುದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಹಾಗೆ ಅಂದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಾವು ಹಿಂದವಾಡಿಯ ಒಂದು ಚಾಳಿನಲ್ಲಿ ಬಾಡಿಗೆಗೆ ಇದ್ದೆವು. ಸಾಲಾಗಿ ಹಂಚಿನ ಮನೆಗಳು, ಹಿಂದೆ ಎಲ್ಲರಿಗೂ ಸೇರಿದ ಒಂದು ಅಂಗಳ, ಅಂಗಳದ ನಡುವೆ ಒಂದೇ ನಳ, ನಳದ ಸುತ್ತ ಮುಸುರೆ ತಿಕ್ಕುವ ಕಲ್ಲುಗಳು. ಚಾಳಿನ ಹೆಂಗಸರ ಸಂಸಾರ ಅರ್ಧ ಒಳಗೆ, ಅರ್ಧ ಆ ನಳದ ಹತ್ತಿರ ನಡೆಯುತ್ತಿತ್ತು. ಪಾತ್ರೆ ತಿಕ್ಕಲು ಎಲ್ಲರ ಮನೆಯಲ್ಲೂ ಒಂದೇ ಸಾಮಗ್ರಿ, ಒಲೆಯ ಬೂದಿ. ಅದಕ್ಕೆ ಬೆಲೆಯೂ ಇಲ್ಲ, ಹೆಸರೂ ಇಲ್ಲ, ಯಾರೂ ಅದರ ಬಗ್ಗೆ ಯೋಚಿಸಿದ್ದೂ ಇಲ್ಲ. ಒಂದು ದೀಪಾವಳಿಗೆ ಚಾಳಿನ ಮಾಲಕರು ಗೋಡೆಗೆಲ್ಲ ಸುಣ್ಣ ಹೊಡೆಸಿ, ಇನ್ನು ಮುಂದೆ ಯಾರೂ ಕಟ್ಟಿಗೆ ಒಲೆ ಹಚ್ಚಕೂಡದು, ಹೊಗೆಗೆ ಗೋಡೆ ಕಪ್ಪಾಗುತ್ತದೆ ಎಂದು ಸಾರಿದರು. ಕೆಲವರು ಸ್ಟೋವ್ ತಂದರು, ನಾವು ಗ್ಯಾಸ್ ತಂದೆವು. ಗೋಡೆ ಬೆಳ್ಳಗೆ ಉಳಿಯಿತು. ಆದರೆ ಬೂದಿ ಎನ್ನುವ ಪದಾರ್ಥ ಚಾಳಿನಿಂದಲೇ ಮಾಯವಾಯಿತು. ಅದು ಇಲ್ಲವೆಂದು ನಮಗೆ ಗೊತ್ತಾದದ್ದು ಮೊದಲ ದಿನದ ಮುಸುರೆ ಕಲ್ಲಿನ ಮೇಲೆ ಬಿದ್ದಾಗ.

ಪೇಟೆಯಿಂದ ಪಾತ್ರೆ ತೊಳೆಯುವ ಪುಡಿ ತಂದೆ. ರಟ್ಟಿನ ಡಬ್ಬಿ. ಅದರ ಮೇಲೆ ಒಬ್ಬ ಹೆಂಗಸು ಹೊಳೆಯುವ ಪಾತ್ರೆ ಹಿಡಿದು ನಗುತ್ತಿದ್ದಳು. ಜನ್ಮದಲ್ಲಿ ಒಮ್ಮೆಯೂ ಮುಸುರೆ ಮುಟ್ಟಿದವಳಲ್ಲ ಎನ್ನುವುದು ಅವಳ ಉಗುರು ನೋಡಿದರೇ ತಿಳಿಯುತ್ತಿತ್ತು. ನಮ್ಮ ಅತ್ತೆ ಆ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಬೆಲೆ ಕೇಳಿ, ಹಣೆಯ ವಿಭೂತಿಗೆ ಕೈ ಹಚ್ಚಿದರು. "ಹಣಿಗಿ ಹಚ್ಚೂ ವಿಭೂತಿ ಪ್ಯಾಟಿಯಿಂದ ತರೂದು ಸರಿ ಐತಿ. ಭಾಂಡೆ ತಿಕ್ಕೂ ಬೂದೀನೂ ಪ್ಯಾಟಿಯಿಂದ ತರೂದಂದ್ರ ಮನ್ಯಾಗ ಒಲಿ ಯಾಕ ಬೇಕವಾ?" ಎಂದರು. ಮನೆಯಲ್ಲಿ ಒಲೆ ಇಲ್ಲವೆನ್ನುವುದೇ ತೊಂದರೆಯ ಮೂಲ ಎಂದು ನಾನು ವಿವರಿಸಿದೆ. ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ಬೂದಿ ತೆಗೆದುಕೊಂಡ ಹಾಗೆಯೇ ಆ ಪುಡಿಯನ್ನೂ ಹಿಡಿ ಹಿಡಿ ತೆಗೆದುಕೊಂಡರು. ಅಂಗಳದ ತುಂಬ ನೊರೆ ಎದ್ದು, ಮಕ್ಕಳು ಅದರಲ್ಲಿ ಆಟವಾಡಿ, ತಿಂಗಳಿಗೆ ಬರಬೇಕಾದ ಡಬ್ಬಿ ವಾರದೊಳಗೆ ತಳ ತೋರಿಸಿತು.

ಅತ್ತೆಯ ಬಗ್ಗೆ ಇಲ್ಲಿಯೇ ಎರಡು ಮಾತು ಹೇಳಿಬಿಡಬೇಕು, ಮುಂದಿನದೆಲ್ಲ ಅವರದೇ ಸಂಗತಿ. ಅವರ ಹೆಸರು ಪಾರ್ವತೆವ್ವ. ರೇಶನ್ ಕಾರ್ಡಿನಲ್ಲಿ, ಮತದಾರರ ಯಾದಿಯಲ್ಲಿ, ಬೀಗರ ಬಾಯಲ್ಲಿ ಎಲ್ಲ ಕಡೆ ಪಾರ್ವತೆವ್ವ. ಆದರೆ ಅವರು ಉಣ್ಣುತ್ತಿದ್ದ ಕಂಚಿನ ಗಂಗಾಳದ ಅಂಚಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು ಬೇರೆ ಇತ್ತು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅದನ್ನು ಓದಿ, "ನೀಲವ್ವ ಅಂದ್ರ ಯಾರ್ರಿ?" ಎಂದು ಕೇಳಿದ್ದೆ. "ನಾನ," ಎಂದಿದ್ದರು. ಖಾನಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಅವರು ಹುಟ್ಟಿದ್ದು, ಅಲ್ಲಿ ಅವರ ಹೆಸರು ನೀಲವ್ವ. ಮದುವೆಯ ದಿನ ಗಂಡನ ಮನೆಯವರು ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ಬೆರಳಿನಿಂದ ಪಾರ್ವತಿ ಎಂದು ಬರೆಸಿ, ಇನ್ನು ಮೇಲೆ ಇದೇ ನಿನ್ನ ಹೆಸರು ಎಂದರಂತೆ. ಆ ಅಕ್ಕಿಯನ್ನು ಮರುದಿನ ಅನ್ನ ಮಾಡಿ ಉಂಡರಂತೆ. ನನ್ನ ಮದುವೆಯ ಹೊತ್ತಿಗೆ ಆ ಪದ್ಧತಿ ಸಡಿಲವಾಗಿತ್ತು. ಅದೂ ಅಲ್ಲದೆ ನನ್ನ ಹೆಸರು ನೌಕರಿಯ ಕಾಗದದಲ್ಲಿ ಸೇರಿಹೋಗಿತ್ತು, ಬದಲಾಯಿಸಿದರೆ ಪಗಾರ ನಿಲ್ಲುತ್ತಿತ್ತು. ಹೀಗಾಗಿ ನಾನು ಸುಶೀಲೆಯಾಗಿಯೇ ಉಳಿದೆ. ಅತ್ತೆಯ ತವರಿನ ಹೆಸರು ಉಳಿದದ್ದು ಅವರ ತಾಯಿ ಬಳುವಳಿಯಾಗಿ ಕೊಟ್ಟ ಆ ಗಂಗಾಳದ ಮೇಲೆ ಮಾತ್ರ. ಜಗತ್ತಿನಲ್ಲಿ ಇನ್ನೆಲ್ಲಿಯೂ ಅದು ಬರೆದಿರಲಿಲ್ಲ. ಅವರಿಗೆ ಓದಲು ಬಾರದು. ಆದರೆ ಉಣ್ಣಲು ಕುಳಿತಾಗ ಎಡಗೈಯ ಹೆಬ್ಬೆರಳು ತನ್ನಷ್ಟಕ್ಕೆ ಹೋಗಿ ಆ ಚುಕ್ಕೆಗಳ ಮೇಲೆ ಕೂಡುತ್ತಿತ್ತು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ತಲೆಯ ತುಂಬ ರಟ್ಟಿನ ಡಬ್ಬಿಯ ಬೆಲೆಯೇ ತುಂಬಿತ್ತು. ಡಬ್ಬಿಯನ್ನು ಬಚ್ಚಿಟ್ಟು, ದಿನಕ್ಕೆ ಇಷ್ಟೇ ಎಂದು ಔಷಧದ ಬಾಟಲಿಯ ಮುಚ್ಚಳದಲ್ಲಿ ಅಳೆದು ಕೊಡತೊಡಗಿದೆ. ಅತ್ತೆ ಆ ಮುಚ್ಚಳವನ್ನು ಕೈಯಲ್ಲಿ ಹಿಡಿದು, "ಇದನ್ನ ತಿಕ್ಕಾಕ ಕೊಟ್ಟಿ ಏನು, ಕುಡಿಯಾಕ ಕೊಟ್ಟಿ?" ಎಂದರು. ಹುಣಸೆಹಣ್ಣು ಹಚ್ಚಿ ನೋಡಿದೆವು; ಸಾರಿಗೆ ಸಾಲದಾಯಿತು. ಅಂಟವಾಳ ನೆನೆಹಾಕಿ ನೋಡಿದೆವು. ಜಿಡ್ಡು ಹೋಗಲಿಲ್ಲ, ಆದರೆ ಬಟ್ಟಲಲ್ಲಿ ಕುಡಿದ ನೀರಿಗೆಲ್ಲ ತಲೆ ತೊಳೆದ ವಾಸನೆ ಬಂದಿತು. ನಮ್ಮವರು ಇಂಥ ದಿನಗಳಲ್ಲಿ ಹೊರಗೆ ಚಹಾ ಕುಡಿದು ಬರುವುದನ್ನು ರೂಢಿ ಮಾಡಿಕೊಂಡರು. ಆ ಖರ್ಚನ್ನು ಯಾರ ಲೆಕ್ಕಕ್ಕೆ ಹಾಕಬೇಕೆಂದು ನನಗೆ ತಿಳಿಯಲಿಲ್ಲ.

ಆಗ ನೆರವಿಗೆ ಬಂದವಳು ಖಾನಾಪುರದ ಎಕ್ಸ್‌ಚೇಂಜಿನ ಸುಮನ್. ನಾನು ಅವಳ ಮುಖ ನೋಡಿರಲಿಲ್ಲ. ಆದರೆ ದಿನವೂ ದನಿ ಕೇಳಿ ಕೇಳಿ ಅವಳ ಮನೆಯ ಬೆಕ್ಕು ಮರಿ ಹಾಕಿದ್ದೂ ನನಗೆ ಗೊತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಕಾಲ್‌ಗಳು ಕಡಿಮೆಯಾಗುತ್ತಿದ್ದವು, ಆಗ ಲೈನು ಸರಿ ಇದೆಯೋ ಇಲ್ಲವೋ ಎಂದು ಪರೀಕ್ಷಿಸುವ ಜವಾಬ್ದಾರಿ ನಮ್ಮಿಬ್ಬರ ಮೇಲೆ ಬೀಳುತ್ತಿತ್ತು. ನಾವು ಅದನ್ನು ಬಹಳ ಶ್ರದ್ಧೆಯಿಂದ ಮಾಡುತ್ತಿದ್ದೆವು. ಸುಮನ್‌ದು ಮನೆಮಾತು ಮರಾಠಿ, ಅವಳ ಕನ್ನಡಕ್ಕೆ ಎರಡೂ ಕಡೆ ಬಾಗಿಲು. ನನ್ನ ಗೋಳು ಕೇಳಿ ಅವಳು ನಕ್ಕಳು.

"ಅಗಂ ಸುಶೀಲಾ, ಇಷ್ಟಕ್ಕ ಯಾಕ ಚಿಂತಿ ಮಾಡ್ತೀ? ನಮ್ಮಲ್ಲಿ ಹಂಚಿನ ಭಟ್ಟಿ ಅದಾವಲ್ಲ. ಬಾಜೂಕ ಒಡದ ಹಂಚು ರಾಶಿ ಬಿದ್ದಿರತಾವ. ತಂದು ಕುಟ್ಟಿ ಪುಡಿ ಮಾಡಿದ್ರ ಆತು. ನಮ್ಮ ಆಯಿ ಜಲ್ಮಪೂರ್ತಿ ಅದರಾಗ ಭಾಂಡೆ ತಿಕ್ಕ್ಯಾಳ. ಹಿತ್ತಾಳಿ ಅಂದ್ರ ಬಂಗಾರ ಆಗತೈತಿ."

"ಪೈಸಾ ಎಷ್ಟ ತಗೋತಾರ?"

"ಪೈಸಾ ಕಶಾಲಾ? ಒಯ್ದ್ರ ಪುಣ್ಯಾ ಬರತೈತಿ, ಜಾಗಾ ಖಾಲಿ ಆತು ಅಂತಾರ."

ಪೈಸಾ ಕಶಾಲಾ, ದುಡ್ಡು ಯಾತಕ್ಕೆ, ಎಂಬ ಎರಡು ಮರಾಠಿ ಶಬ್ದ ನನ್ನ ಕಿವಿಯಲ್ಲಿ ದಿನವಿಡೀ ಗುಂಯ್‌ಗುಟ್ಟಿತು. ಆ ಸಂಜೆ ಯಾರೋ ಹುಬ್ಬಳ್ಳಿ ಕೇಳಿದರೆ ನಾನು ಗೋಕಾಕ ಜೋಡಿಸಿ ಬೈಸಿಕೊಂಡೆ.

ಮುಂದಿನ ರಜೆಯ ದಿನ ಖಾಲಿ ಚೀಲ ಮಡಿಚಿಕೊಂಡು ಬೆಳಗಿನ ರೈಲಿಗೆ ಖಾನಾಪುರಕ್ಕೆ ಹೋದೆ. ಸ್ಟೇಶನ್ನಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಲಾರದೆ ಸ್ವಲ್ಪ ಹೊತ್ತು ನಿಂತೆವು. ಅವಳು ಯಾರಿಗೋ ಗಾಡಿಯ ವೇಳೆ ಹೇಳಿದ ದನಿ ಕೇಳಿ ನಾನು ಓಡಿಹೋಗಿ ಕೈ ಹಿಡಿದೆ. ದನಿಗೆ ತಕ್ಕಂತೆ ತೆಳ್ಳಗೆ ಇರುತ್ತಾಳೆಂದು ತಿಳಿದಿದ್ದೆ, ಅವಳು ನನ್ನ ಎರಡರಷ್ಟು ಇದ್ದಳು. ಅವಳೂ ನನ್ನ ಬಗ್ಗೆ ಏನೋ ಬೇರೆ ತಿಳಿದಿರಬೇಕು, ಪಾಪ, ಹೇಳಲಿಲ್ಲ. ಭಟ್ಟಿಯ ಹಿಂದೆ ನಿಜವಾಗಿಯೂ ಕೆಂಪು ಚೂರುಗಳ ಗುಡ್ಡ ಬಿದ್ದಿತ್ತು. ಕಾವಲಿನವನನ್ನು ಕೇಳಿದರೆ, ಎಲ್ಲವನ್ನೂ ಒಯ್ಯುವುದಾದರೆ ಲಾರಿ ತರಬೇಕಾಗಿತ್ತು ಎಂದ. ಸುಮನ್‌ಳ ಹಿತ್ತಲಲ್ಲಿ ಕುಳಿತು ಇಬ್ಬರೂ ಒರಳಿನಲ್ಲಿ ಕುಟ್ಟಿದೆವು, ಹಳೆಯ ಸೀರೆಯ ತುಂಡಿನಲ್ಲಿ ಸೋಸಿದೆವು. ಅವಳ ತಾಯಿ ಹೊಸ್ತಿಲಲ್ಲಿ ಕುಳಿತು, ಬೆಳಗಾವಿಯಂಥ ದೊಡ್ಡ ಊರಿನಲ್ಲಿ ಇಷ್ಟೂ ಸಿಗುವುದಿಲ್ಲವೇ ಎಂದು ಮರಾಠಿಯಲ್ಲಿ ಮರುಕಪಟ್ಟಳು. ಮಾತು ಹೆಚ್ಚಾಗಿ, ಊಟ ಹೆಚ್ಚಾಗಿ, ಸಂಜೆಯ ರೈಲು ತಪ್ಪಿತು. ಚೀಲ ಎತ್ತಿಕೊಂಡು ಬಸ್ಸಿಗೆ ಬಂದೆ.

ಕಂಡಕ್ಟರ್ ನನ್ನ ಕಾಲ ಬಳಿಯ ಚೀಲದ ಬಾಯಿ ಬಿಚ್ಚಿ ನೋಡಿದವನೇ ಹಿಂದಕ್ಕೆ ಸರಿದ. "ಏನ್ರೀ ಬಾಯಾರ, ಇಷ್ಟ ಖಾರಾ ಕಾಲಾಗ ಇಟ್ಟೀರಿ. ಮಂದಿ ಸೀನಾಕ ಹತ್ತಿದ್ರ ಗಾಡಿ ನಿಲ್ಲಸಬೇಕಾಗತೈತಿ. ಮ್ಯಾಲ ಹಾಕ್ರಿ."

"ಖಾರಾ ಅಲ್ರಿ, ಹಂಚು."

"ಹಂಚಾ?" ಅವನು ಇನ್ನೊಮ್ಮೆ ಬಗ್ಗಿ ನೋಡಿದ. "ಹಿಂಗ ಪುಡಿ ಮಾಡಿದ ಮ್ಯಾಲ ಮನೀಗಿ ಹೆಂಗ ಹೊದಸ್ತೀರಿ?"

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಖಾರವೆಂಬ ಶಬ್ದ ಕಿವಿಗೆ ಬಿದ್ದಿದ್ದರಿಂದ ಮುಂದಿನ ಸೀಟಿನ ಮುದುಕರೊಬ್ಬರು ಸೀನಲು ಸುರುಮಾಡಿ ಬೆಳಗಾವಿಯವರೆಗೂ ನಿಲ್ಲಿಸಲಿಲ್ಲ. ಚೀಲಕ್ಕೆ ಲಗೇಜಿನ ದುಡ್ಡು ಕೊಡಬೇಕಾಯಿತು. ರೈಲು, ಬಸ್ಸು, ಲಗೇಜು ಎಲ್ಲ ಕೂಡಿಸಿದರೆ ಎಷ್ಟು ಡಬ್ಬಿ ಪುಡಿ ಬರುತ್ತಿತ್ತು ಎಂಬ ಲೆಕ್ಕ ದಾರಿಯಲ್ಲಿ ಒಮ್ಮೆ ತಲೆಗೆ ಬಂತು. ಹೆಣ್ಣುಮಕ್ಕಳು ಎಷ್ಟೋ ಅನಿಷ್ಟ ವಿಚಾರಗಳನ್ನು ನುಂಗಿಕೊಳ್ಳುತ್ತಾರೆ, ನಾನು ಅದನ್ನೂ ನುಂಗಿಕೊಂಡೆ.

ಪುಡಿಯ ಗುಣ ಮಾತ್ರ ಸುಳ್ಳಾಗಲಿಲ್ಲ. ತೆಂಗಿನ ನಾರಿಗೆ ಒಂದು ಚಿಟಿಕೆ ಹಚ್ಚಿ ಎರಡು ಸಲ ತಿರುವಿದರೆ ಸಾಕು, ಹಿತ್ತಾಳೆಯ ತಂಬಿಗೆ ಕಣ್ಣು ಕುಕ್ಕುತ್ತಿತ್ತು. ಅತ್ತೆ ಕೂಡ ಮೆಚ್ಚಿದರು. "ಇದಕ್ಕ ಅನ್ನಬೇಕವಾ ತಿಕ್ಕೂದು ಅಂತ. ನಮ್ಮ ಊರ ಕಡಿ ಮಣ್ಣು ಅದು," ಎಂದರು, ಖಾನಾಪುರದ ಮಣ್ಣಿಗೆ ಬಿದ್ದ ಹೊಗಳಿಕೆಯಲ್ಲಿ ತಮಗೂ ಒಂದು ಪಾಲು ಇಟ್ಟುಕೊಂಡು. ಕಲಾಯಿ ಮಾಡಿಸಿದ ಪಾತೇಲಿಗಳ ಒಳಗಿನ ಬಿಳುಪು ಮಾತ್ರ ಬೇಗ ಹೋಗಿ, ಸಾರು ಕಿಲುಬು ಹಿಡಿಯತೊಡಗಿತು. ಕಲಾಯಿಯವನು ಈ ವರ್ಷ ಏನು ಇಷ್ಟು ಬೇಗ ಕರೆದಿರಿ ಎಂದು ಕೇಳಿ ಖುಷಿಯಿಂದ ತಿದಿ ಊದಿದ. ಅದನ್ನೂ ನಾನು ಬೇರೆ ಖಾತೆಗೆ ಹಾಕಿದೆ. ಉಳಿತಾಯದ ಗುಟ್ಟೇ ಅದು, ಲಾಭವನ್ನು ಒಂದು ಖಾತೆಗೆ, ಖರ್ಚನ್ನು ಇನ್ನೊಂದು ಖಾತೆಗೆ ಹಾಕುತ್ತ ಹೋಗಬೇಕು, ಅವೆರಡೂ ಎಂದೂ ಭೇಟಿಯಾಗದಂತೆ ನೋಡಿಕೊಳ್ಳಬೇಕು.

ಇಷ್ಟು ಒಳ್ಳೆಯ ಪುಡಿಯನ್ನು ನಾನೊಬ್ಬಳೇ ಇಟ್ಟುಕೊಂಡರೆ ಹೇಳಿಕೊಳ್ಳುವುದು ಯಾರ ಮುಂದೆ? ಬಟ್ಟಲಲ್ಲಿ ತುಂಬಿ ಚಾಳಿನ ಮನೆಮನೆಗೆ ಕೊಟ್ಟೆ. ನಮ್ಮ ಕಡೆ ಬಂದ ಬಟ್ಟಲನ್ನು ಖಾಲಿ ಹಿಂದಿರುಗಿಸುವ ಪದ್ಧತಿ ಇಲ್ಲ. ಪಕ್ಕದ ಮನೆಯ ಗಂಗವ್ವನಿಂದ ಬಟ್ಟಲು ಅವಲಕ್ಕಿ ತುಂಬಿಕೊಂಡು ಬಂತು, ಕೊನೆಯ ಮನೆಯ ಮರಾಠಿ ಇಂದೂ ಕಾಕುವಿನಿಂದ ಸಕ್ಕರೆ ತುಂಬಿಕೊಂಡು ಬಂತು. ಮಣ್ಣು ಕೊಟ್ಟು ಸಕ್ಕರೆ ತಂದವಳು ಎಂದು ನಾನು ನಮ್ಮವರ ಮುಂದೆ ಎದೆ ಉಬ್ಬಿಸಿದೆ. ಪುಡಿ ಮುಗಿದಂತೆಲ್ಲ ಸುಮನ್ ಯಾರ ಕೈಯಲ್ಲಾದರೂ ಕಳಿಸುತ್ತಿದ್ದಳು. ಹೀಗೆ ವರ್ಷ, ಎರಡು ವರ್ಷ, ಇಡೀ ಚಾಳು ಖಾನಾಪುರದ ಹಂಚಿನಿಂದ ಪಾತ್ರೆ ಉಜ್ಜಿತು. ನಮ್ಮ ಅಂಗಳ ಸದಾ ಕೆಂಪಗೆ ಇರುತ್ತಿತ್ತು, ಪಾತ್ರೆಗಳು ಸದಾ ಹೊಸದಾಗಿ ಇರುತ್ತಿದ್ದವು. ಹೊಸದು ಎಂದರೆ ಎಷ್ಟು ಹೊಸದು ಎನ್ನುವುದನ್ನು ಯಾರೂ ಗಮನಿಸಿರಲಿಲ್ಲ.

ಗಮನಿಸಿದ್ದು ಗಂಗವ್ವನ ಮಗಳ ಕುಬಸದ ಮರುದಿನ. ಚೊಚ್ಚಲ ಬಸುರಿಯ ಕುಬಸವೆಂದರೆ ಸಣ್ಣ ಕಾರ್ಯವೇನಲ್ಲ. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ. ಬೀಗರ ಕಡೆಯವರೇ ಒಂದು ಟೆಂಪೋ ತುಂಬ ಬಂದರು. ಇಂಥ ಹೊತ್ತಿನಲ್ಲಿ ಚಾಳಿನ ಎಲ್ಲ ಮನೆಗಳ ಪಾತ್ರೆಯೂ ಒಂದಾಗುತ್ತಿತ್ತು. ತಂಬಿಗೆ, ವಾಟೆ, ಪರಾತ, ಗಂಗಾಳ ಎಲ್ಲ ಹೊರಗೆ ಬಂದು, ಉಂಡು ಮುಗಿದ ಮೇಲೆ ನಳದ ಹತ್ತಿರ ಗುಡ್ಡವಾಗಿ ಬಿದ್ದು, ತೊಳೆದ ನಂತರ ಹೆಸರು ನೋಡಿಕೊಂಡು ಅವರವರ ಮನೆಗೆ ಹೋಗುತ್ತಿದ್ದವು. ಪಾತ್ರೆ ಕೊಂಡ ದಿನವೇ ಹೆಸರು ಹಾಕಿಸುವುದು ಇದೇ ಕಾರಣಕ್ಕೆ. ಮರುದಿನ ಬೆಳಿಗ್ಗೆ ಹೆಂಗಸರೆಲ್ಲ ಹೊಳೆಯುವ ಆ ಗುಡ್ಡದ ಸುತ್ತ ಕುಳಿತು ಒಂದೊಂದೇ ಎತ್ತಿ ಅಂಚು ನೋಡಿದರು, ತಳ ನೋಡಿದರು, ಬಿಸಿಲಿಗೆ ಹಿಡಿದು ನೋಡಿದರು. ಹೆಸರು ಇರಲಿಲ್ಲ. ನುಣ್ಣಗೆ, ಕನ್ನಡಿಯ ಹಾಗೆ, ಎಲ್ಲದರಲ್ಲೂ ಅವರವರ ಮುಖವೇ ಕಂಡಿತು.

"ಇದು ನಂದು."

"ನಿಂದ ಹೆಂಗ? ನಿಂದು ಅಂತ ಬರದೈತೇನು?"

"ಬರದಿತ್ತು."

ಈ ಮೂರು ಮಾತು ಅಂದು ಅಂಗಳದಲ್ಲಿ ಎಷ್ಟು ಸಲ ಕೇಳಿಬಂದವೋ. ದಪ್ಪ ತಂಬಿಗೆಗಳಿಗೆ ಒಡತಿಯರು ಹೆಚ್ಚಾದರು, ಸೋರುವ ಚರಿಗೆಗೆ ಒಬ್ಬರೂ ಬರಲಿಲ್ಲ. ಇಂದೂ ಕಾಕು ತನ್ನ ತಂಬಿಗೆ, ಅವಳ ಮಾತಿನಲ್ಲಿ ತಾಂಬ್ಯಾ, ಸಿಗುವವರೆಗೂ ಏಳುವುದಿಲ್ಲವೆಂದು ದೊಡ್ಡ ತಟ್ಟೆಯಂಥ ಪರಾತದ ಮೇಲೆಯೇ ಕುಳಿತುಬಿಟ್ಟಳು, ಪರಾತ ಯಾರದೆಂದು ಗೊತ್ತಿರದೆ ಯಾರೂ ಅವಳನ್ನು ಏಳಿಸಲಿಲ್ಲ. ಒಂದು ಗಳಿಗೆಯ ನಂತರ ಯಾರೋ, "ಈ ಪುಡಿ ತಂದಾಕಿ ಯಾರು?" ಎಂದರು. ನನ್ನ ಹೆಸರು ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ನೆನಪಿತ್ತು.

ಕೊನೆಗೆ ಎರಡು ಗಂಗಾಳ ಉಳಿದವು. ಒಂದು ನಮ್ಮ ಅತ್ತೆಯದು, ಇನ್ನೊಂದು ಗಂಗವ್ವನದು. ಎರಡೂ ಕಂಚು, ಒಂದೇ ಅಗಲ, ಹೆಚ್ಚುಕಡಿಮೆ ಒಂದೇ ತೂಕ. ತಿಕ್ಕುವಾಗ ಎಡಗೈ ಹಿಡಿದುಕೊಳ್ಳುವ ಜಾಗಕ್ಕೆ ನಾರು ತಾಗುವುದಿಲ್ಲವಾದ್ದರಿಂದ ಆ ಎರಡರ ಮೇಲೂ ಹೆಸರಿನ ಕೊನೆಯ ಅಕ್ಷರ ಉಳಿದುಕೊಂಡಿತ್ತು. ನಾನು ಆಸೆಯಿಂದ ಓದಿದೆ. ಒಂದರ ಮೇಲೆ 'ವ್ವ' ಎಂದಿತ್ತು. ಇನ್ನೊಂದರ ಮೇಲೂ 'ವ್ವ' ಎಂದಿತ್ತು. ನೀಲವ್ವ, ಗಂಗವ್ವ, ಪಾರ್ವತೆವ್ವ, ಕಲ್ಲವ್ವ, ನಮ್ಮ ಸೀಮೆಯಲ್ಲಿ ಹೆಣ್ಣಿನ ಹೆಸರಿನಲ್ಲಿ ಬೇರೆ ಯಾವ ಅಕ್ಷರ ಉಳಿದರೂ ಉಪಯೋಗವಿತ್ತು, ಅದೊಂದು ಬಿಟ್ಟು.

ಅತ್ತೆ ಎರಡೂ ಗಂಗಾಳಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಬ್ಬೆರಳು ಆಡಿಸಿದರು. ಒಂದರ ಮೇಲೆ, ಆಮೇಲೆ ಇನ್ನೊಂದರ ಮೇಲೆ, ಮತ್ತೆ ಮೊದಲಿನದರ ಮೇಲೆ. ಗಂಗವ್ವ ಒಳ್ಳೆಯ ಹೆಂಗಸು. "ಅಕ್ಕಾರ, ನಿಮಗ ಯಾವ್ದು ನಿಮ್ಮದು ಅನಸತೈತಿ ಅದನ್ನ ತಗೋರಿ. ನಾ ಉಳದದ್ದು ತಗೋತೀನಿ," ಎಂದಳು.

"ಅನಸೂದರಾಗ ಏನೈತಿ ಗಂಗವ್ವಾ. ಖರೇ ಯಾವ್ದು ಅನ್ನೂದು ಬೇಕು," ಎಂದರು ಅತ್ತೆ.

ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಗುಳಕ್ಕೆ ನನ್ನ ಹತ್ತಿರ ಉತ್ತರಗಳಿದ್ದವು, ಡಬ್ಬಿಯ ಬೆಲೆ ಸಹಿತ.

ದಾರಿ ಕಂಡದ್ದು ಊಟದ ಹೊತ್ತಿಗೆ. ಉಂಡು ನೋಡಿದರೆ ಕೈಗೆ ಗೊತ್ತಾಗುತ್ತದೆ ಎಂದು ಗಂಗವ್ವನೇ ಹೇಳಿದಳು. ಕುಬಸದಲ್ಲಿ ಉಳಿದಿದ್ದ ಕಟ್ಟಿನ ಸಾರು ಕಾಸಿ ತಂದಳು. ಅಂಗಳದಲ್ಲಿಯೇ ಅತ್ತೆಯನ್ನು ಕೂಡಿಸಿ, ಮೊದಲ ಗಂಗಾಳದಲ್ಲಿ ಅನ್ನ ನೀಡಿ ಸಾರು ಸುರಿದೆವು. ಚಾಳಿನ ಹೆಂಗಸರೆಲ್ಲ ಸುತ್ತ ನಿಂತರು. ಇಂದೂ ಕಾಕು ಪರಾತದ ಮೇಲಿಂದಲೇ ಕತ್ತು ಚಾಚಿದಳು. ಸಾರು ಸುತ್ತಲೂ ಸಮನಾಗಿ ನಿಂತಿತು. ಅತ್ತೆ ಎರಡು ತುತ್ತು ಉಂಡು ತಲೆ ಅಲ್ಲಾಡಿಸಿದರು. ಎರಡನೆಯದರಲ್ಲಿ ಅದೇ ಅನ್ನ, ಅದೇ ಸಾರು. ಸುರಿದ ಸಾರು ಮೆಲ್ಲಗೆ ಎಡಕ್ಕೆ ಹರಿದುಹೋಗಿ ಅಂಚಿಗೆ ನಿಂತಿತು. ಅತ್ತೆಯ ಕೈ ನೋಡುನೋಡುತ್ತಿದ್ದಂತೆ ಅನ್ನವನ್ನು ಎಡಕ್ಕೆ ಒತ್ತಿ ಒಡ್ಡು ಕಟ್ಟಿತು.

"ಇದ ನಂದು," ಎಂದರು. "ಹುಟ್ಟಾ ಡೊಂಕ ಇದು. ಅರವತ್ತ ವರ್ಷ ಆತು, ಒಡ್ಡ ಹಾಕೇ ಉಣ್ಣಾಕತ್ತೀನಿ." ಎಲ್ಲರೂ ನಕ್ಕರು. ಅತ್ತೆಯೂ ನಕ್ಕು, ಊಟ ಮುಗಿಸಿ, ಗಂಗಾಳ ತಾವೇ ತೊಳೆದು ಒಳಗೆ ಒಯ್ದರು. ಬರಿಯ ನೀರಿನಿಂದ ತೊಳೆದರು.

ಗಂಗಾಳ ಸಿಕ್ಕಿತು, ಹೆಸರು ಸಿಗಲಿಲ್ಲ. ಅಂದಿನಿಂದ ಅವರು ಉಣ್ಣಲು ಕುಳಿತಾಗ ನಾನು ಬೇಡವೆಂದರೂ ನನ್ನ ಕಣ್ಣು ಅವರ ಎಡಗೈಯ ಕಡೆಗೇ ಹೋಗುತ್ತಿತ್ತು. ಹೆಬ್ಬೆರಳು ರೂಢಿಯ ಪ್ರಕಾರ ಅಂಚಿಗೆ ಹೋಗಿ, ಅಲ್ಲಿ ಜಾರಿ, ಸುಮ್ಮನೆ ಮಡಿಲಿಗೆ ಬಂದುಬಿಡುತ್ತಿತ್ತು. ಒಂದು ದಿನ ತಡೆಯಲಾರದೆ, "ತಪ್ಪಾತ್ರಿ ಅತ್ತೀ," ಎಂದೆ. "ಹೋಗ್ಲಿ ಬಿಡವಾ," ಎಂದರು. "ಆ ಹೆಸರ್ಲೇ ಕರಿಯಾವ್ರು ಎಲ್ಲಾರೂ ಹೋದ್ರು. ಗಂಗಾಳ ಒಂದ ಉಳದಿತ್ತು." ಇದನ್ನು ನಮ್ಮವರಿಗೆ ಹೇಳಿದರೆ ಅವರು ಕಣ್ಣು ಅರಳಿಸಿ, "ಅವ್ವನ ಹೆಸರು ನೀಲವ್ವ? ನಾ ಅದು ನಮ್ಮ ಅಜ್ಜಿ ಹೆಸರು ಅಂತ ತಿಳಕೊಂಡಿದ್ನಿ," ಎಂದರು. ಹೆತ್ತ ಮಗನೇ ಹೀಗೆ ಎಂದು ನನಗೆ ಸ್ವಲ್ಪ ಸಮಾಧಾನವಾಯಿತು. ಬೇರೆಯವರು ನಮಗಿಂತ ಕೆಟ್ಟವರು ಎಂದು ಗೊತ್ತಾದಾಗ ಆಗುವ ಸಮಾಧಾನ, ಬಹಳ ಹೊತ್ತು ನಿಲ್ಲುವಂಥದಲ್ಲ.

ಪಗಾರ ಬಂದ ದಿನ ಅತ್ತೆಯನ್ನೂ ಗಂಗಾಳವನ್ನೂ ಕರೆದುಕೊಂಡು ಪೇಟೆಗೆ ಹೋದೆ. ಭಾಂಡೆ ಅಂಗಡಿಗಳ ಸಾಲಿನಲ್ಲಿ ಹೆಸರು ಹಾಕುವವನ ಒಂದು ಸಣ್ಣ ಗೂಡು ಇತ್ತು. ನಡುವಯಸ್ಸಿನವನು, ಕನ್ನಡಕ ಹಣೆಗೆ ಏರಿಸಿ ಕುಳಿತಿದ್ದ. ಗೋಡೆಯ ಹಲಗೆಯ ಮೇಲೆ ಅಕ್ಷರಕ್ಕೆ ಇಷ್ಟು ಎಂದು ದರ ಬರೆದಿತ್ತು. ನಾನು ಮೊದಲು ಓದಿದ್ದು ಅದನ್ನೇ. ಅವನು ಗಂಗಾಳವನ್ನು ಬೆಳಕಿಗೆ ಹಿಡಿದು, "ಕಡೀ ಅಕ್ಷರ 'ವ್ವ' ನೆಟ್ಟಗ ಐತ್ರಿ ಅಕ್ಕಾರ. ಮೊದಲಿನ್ವು ಎರಡ ಹಾಕಿದ್ರ ಸಾಕು. ಏನ ಹೆಸರು?" ಎಂದು ನನ್ನನ್ನು ಕೇಳಿದ. ಎರಡೇ ಅಕ್ಷರ ಎಂದದ್ದಕ್ಕೆ ನನಗಾದ ಸಂತೋಷ ಮುಖದಲ್ಲಿ ಕಂಡಿತೋ ಏನೋ. ಆದರೆ ಹೆಸರು ಹೇಳಲು ಬಾಯಿ ಬರಲಿಲ್ಲ. ಅತ್ತೆಯ ಹೆಸರನ್ನು ಸೊಸೆ ಎದುರಿಗೆ ಹೇಳುವ ಪದ್ಧತಿಯಿಲ್ಲ. ಆ ಪದ್ಧತಿ ಹಳೆಯ ಹೆಸರಿಗೂ ಹತ್ತುತ್ತದೋ ಇಲ್ಲವೋ ಎಂದು ಕೇಳೋಣವೆಂದರೆ ಅಲ್ಲಿ ಯಾರೂ ಇರಲಿಲ್ಲ. ನಾನು ಅತ್ತೆಯ ಕಡೆ ನೋಡಿದೆ.

ಅವರು ಸೆರಗು ಸರಿಮಾಡಿಕೊಂಡು, ಗೂಡಿನ ಹೊರಗೆ ನಿಂತವರಿಗೂ ಕೇಳಿಸುವಂತೆ, "ನೀಲವ್ವ," ಎಂದರು.

ಅವನು ಅಂಚಿನ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿಕೊಂಡ. ಉಳಿ ಎತ್ತಿಕೊಂಡ. ಹೊಡೆಯುವ ಮುನ್ನ ಏನೋ ನೆನಪಾಗಿ ತಲೆ ಎತ್ತಿ, "ಮುಂದ 'ಸ್ಮರಣಾರ್ಥ' ಅಂತ ಹಾಕ್ಲ್ಯಾ? ಹಳೇ ಭಾಂಡೆ ತಂದವರೆಲ್ಲಾ ಹಾಕಸ್ತಾರ. ತೀರಿಕೊಂಡು ಭಾಳ ವರ್ಷ ಆತೇನ್ರಿ ಅವರು?" ಎಂದ.

"ಬ್ಯಾಡೋ ತಮ್ಮಾ," ಎಂದರು ಅತ್ತೆ. "ಆಕಿ ಇನ್ನೂ ಅದಾಳ. ಇಲ್ಲೇ ಕುಂತಾಳ."

ಅವನು ಗೂಡಿನ ಒಳಗೆ ಒಮ್ಮೆ ಕಣ್ಣಾಡಿಸಿದ. ನನ್ನನ್ನು ನೋಡಿದ, ಅತ್ತೆಯನ್ನು ನೋಡಿದ, ಕನ್ನಡಕ ಇಳಿಸಿಕೊಂಡು ಉಳಿಯ ಮೇಲೆ ಸುತ್ತಿಗೆ ಇಟ್ಟ. ಅತ್ತೆ ಒಂದೊಂದು ಚುಕ್ಕೆಯೂ ಬೀಳುವುದನ್ನು ರೆಪ್ಪೆ ಮಿಟುಕಿಸದೆ ನೋಡುತ್ತ ಕುಳಿತರು. ಆ ಮಾತು ಕೇಳಿ ನನ್ನ ಕಣ್ಣು ತುಂಬಿ ಬಂತು ಎಂದು ಬರೆದರೆ ಓದುವವರಿಗೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಬಂದೀತು. ಕಣ್ಣು ತುಂಬಿದ್ದು ಖರೆ, ಆದರೆ ಅದು ಹಿಂದವಾಡಿಯ ಬಸ್ಸು ಹತ್ತಿ, ಅತ್ತೆ ಚೀಲದೊಳಗೆ ಕೈ ಹಾಕಿ ಹೆಬ್ಬೆರಳು ಆಡಿಸುತ್ತ ಕುಳಿತದ್ದನ್ನು ನೋಡಿದ ಮೇಲೆ. ಅಂಗಡಿಯಲ್ಲಿ, ಅವರು ಬೇಡವೆಂದ ಆ ಗಳಿಗೆಯಲ್ಲಿ, ಹಲಗೆಯ ಮೇಲಿನ ದರ ನೋಡುತ್ತ ನಾನು ಮನಸ್ಸಿನಲ್ಲಿ ಅಂದುಕೊಂಡದ್ದು ಒಂದೇ: ಸದ್ಯ, ನಾಲ್ಕು ಅಕ್ಷರ ಉಳಿಯಿತು.